ಕುಕ್ಕರ್ ಕೂಗುವಷ್ಟರಲ್ಲಿ ಒಂದು ತೋಳು

ಹೊಲಿಗೆ ಮಿಷನ್ ಇರುವ ಮನೆಯಲ್ಲಿ ನಗೆಪಾಟಲಿಗೆ ಬರವಿಲ್ಲ. ಒಂದು ಮುಗಿಯಿತಪ್ಪಾ ಎಂದು ದಾರ ಕತ್ತರಿಸುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ.

ನನ್ನ ಮಿಷನ್ ಹೊನ್ನಾಳಿಯ ತವರುಮನೆಯಿಂದ ಮದುವೆಯಲ್ಲಿ ನನ್ನ ಜೊತೆಗೇ ಚನ್ನಗಿರಿಗೆ ಬಂದದ್ದು. ಬಹಳ ವರ್ಷ ಅದಕ್ಕೆ ಬೆಡ್‌ಶೀಟ್ ಹೊದಿಸಿ, ಮೇಲೆ ಇಸ್ತ್ರಿಯ ಬಟ್ಟೆ ಪೇರಿಸಿದ್ದೆವು. ನಾನು ಬೆಳಿಗ್ಗೆ ಅಡಿಕೆ ಮಂಡಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುವವಳು. ಮನೆಯಲ್ಲಿ ಗಂಡ, ಅತ್ತೆ, ಆರನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. ಹೊಲಿಯಲು ಪುರುಸೊತ್ತೆಲ್ಲಿ? ಆದರೆ ನಮ್ಮ ಬೀದಿಯ ಟೈಲರಣ್ಣ "ನಾಳೆ ಬರ್ರಿ ಅಕ್ಕಾ, ಗುಂಡಿ ಹಾಕೋದೊಂದು ಬಾಕಿ ಐತೆ" ಎಂದು ಹೇಳುತ್ತಲೇ ಇದ್ದ. ಮಗಳ ಹುಟ್ಟುಹಬ್ಬದ ಫ್ರಾಕು ಕೊನೆಗೂ ಕೈಗೆ ಬಂದಾಗ ಅದು ಅವಳ ತಲೆಯಿಂದ ಕೆಳಗೇ ಇಳಿಯಲಿಲ್ಲ. ಅವತ್ತೇ ಬೆಡ್‌ಶೀಟ್ ಎಳೆದು ಬಿಸಾಕಿ, "ಇನ್ಮೇಲೆ ನನ್ನ ಬಟ್ಟೆ, ಮಕ್ಕಳ ಬಟ್ಟೆ ನಾನೇ ಹೊಲಿಯೋದು" ಎಂದು ಸಾರಿದೆ. ಗಂಡ ಬುದ್ಧಿವಂತರು. "ನಂದು ಟೈಲರ್ ಹತ್ರನೇ ಇರ್ಲಿ" ಅಂದರು.

ಕುಕ್ಕರ್ ಒಲೆಯ ಮೇಲಿಟ್ಟು ಮಿಷನ್‌ಗೆ ಕೂತರೆ, ಅದು ಕೂಗಿ ಮುಗಿಸುವಷ್ಟರಲ್ಲಿ ಒಂದು ತೋಳು ಮುಗಿಯಬೇಕು. ಅದು ನನ್ನ ಪದ್ಧತಿ. ಬೇಳೆಯ ದಿನ ತೋಳು ನೀಟಾಗಿ ಬರುತ್ತಿತ್ತು. ಅನ್ನದ ದಿನ ಸ್ವಲ್ಪ ಅವಸರ. ಕಡಲೆಕಾಳು ಬೇಯಿಸುವ ದಿನ ಕಾಲರ್ ಕೂಡ ಕೂರಿಸಿಬಿಡಬಹುದು.

ಊರೆಲ್ಲ ಸೇರಿ ಒಂದು ಫ್ರಾಕು

ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲೆಲ್ಲ ಉಡಿ ತುಂಬಿ ಒಂದು ಬ್ಲೌಸ್ ಪೀಸು ಕೊಡುತ್ತಾರೆ. ನನ್ನ ಬೀರುವಿನಲ್ಲಿ ಅವು ಒಂದು ಗಂಟಾಗಿ ಬಿದ್ದಿದ್ದವು. ಸುಮ್ಮನೆ ಯಾಕೆ ಕೊಳೆಯಬೇಕು ಎಂದು ಹಸಿರಿನದರಲ್ಲಿ ತೋಳು, ಕೆಂಪಿನದರಲ್ಲಿ ಮೈ, ಹಳದಿಯದರಲ್ಲಿ ಸೊಂಟದ ಪಟ್ಟಿ, ಉಳಿದದ್ದರಲ್ಲೆಲ್ಲ ನೆರಿಗೆ ಹಾಕಿ ಮಗಳಿಗೆ ಫ್ರಾಕು ಹೊಲಿದೆ. ಚೆಂದವೇ ಆಗಿತ್ತು ಅಂತ ಈಗಲೂ ಹೇಳುತ್ತೇನೆ. ಪಕ್ಕದ ಮನೆಯ ನಾಮಕರಣಕ್ಕೆ ಅದನ್ನೇ ಹಾಕಿಸಿ ಕರೆದುಕೊಂಡು ಹೋದೆ.

ಹೆಂಗಸರೆಲ್ಲ ಅವಳನ್ನು ಸುತ್ತುವರಿದರು. ಹೊಗಳುತ್ತಾರೆ ಅಂತ ನಾನು ಬೀಗುತ್ತಿದ್ದೆ.

"ಈ ಹಸಿರು ತೋಳು ನಮ್ಮನೇದಲ್ಲೇನ್ರೀ? ನನ್ನ ಮಗಳ ಸೀಮಂತದ್ದು!" ಅಂದರು ಒಬ್ಬರು.

"ಬೆನ್ನಿಂದು ನಮ್ಮ ಗೃಹಪ್ರವೇಶದ್ದು," ಅಂದರು ಇನ್ನೊಬ್ಬರು, ಅವಳನ್ನು ಹಿಂದಕ್ಕೆ ತಿರುಗಿಸಿ.

ಮಗಳ ಮುಖ ಫ್ರಾಕಿನ ಕೆಂಪಿಗಿಂತ ಕೆಂಪಾಯಿತು. ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಕನ್ನಡಕ ಏರಿಸಿ ಸೊಂಟದ ಪಟ್ಟಿ ಮುಟ್ಟಿ ನೋಡಿ ಲೊಚಗುಟ್ಟಿದರು. "ಇವನ್ನ ಯಾರಾದ್ರೂ ಹೊಲೀತಾರೇನವ್ವಾ? ಬಂದಿದ್ದನ್ನ ಇಟ್ಕಂಡು ಇನ್ನೊಬ್ರಿಗೆ ಕೊಡೋದು. ಈ ಹಳದಿ ಪೀಸು ನಮ್ಮನೆಗೇ ಎರಡು ಸಲ ಬಂದು ಹೋಗೈತೆ. ಪಾಪ, ಊರೆಲ್ಲ ಓಡಾಡಿಕಂಡು ಚೆನ್ನಾಗಿತ್ತು, ನೀನು ಕತ್ತರಿ ಹಾಕಿಬಿಟ್ಯಲ್ಲ!"

ಮನೆಗೆ ಬಂದ ಮೇಲೆ ಮಗಳು ತೀರ್ಪು ಕೊಟ್ಟಳು. "ಅಮ್ಮ, ನೀನು ಹೊಲಿದಿದ್ದು ಮನೇಲಿ ಹಾಕ್ಕಂತೀನಿ. ಹೊಸ್ತಿಲು ದಾಟಲ್ಲ."

ನನಗೆ ನಿಜವಾಗಿ ನೋವಾಯಿತು. ಇವಳೇ ಒಂದು ದಿನ ನಾಲ್ಕು ಜನರ ಮುಂದೆ "ನಮ್ಮಮ್ಮ ಹೊಲಿದಿದ್ದು" ಅನ್ನಬೇಕು, ಅಲ್ಲಿಯವರೆಗೆ ಮಿಷನ್‌ಗೆ ಬೆಡ್‌ಶೀಟ್ ಹೊದಿಸುವುದಿಲ್ಲ ಎಂದು ಹಟ ಹಿಡಿದೆ.

ನಾಲ್ಕನೇ ಕ್ಲಾಸಿನ ಅಂಗಿ

ಮಗ ಪಾಪದವನು, ಏನು ಕೊಟ್ಟರೂ ಹಾಕಿಕೊಳ್ಳುತ್ತಾನೆ. ಅವನ ಯೂನಿಫಾರಂ ಹೊಲಿಯಲು ಕೂತೆ. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಅವರದು ಒಂದೇ ಮಂತ್ರ: "ಬೆಳೆಯೋ ಮಕ್ಕಳಿಗೆ ಒಳಗೆ ಬಟ್ಟೆ ಬಿಡಬೇಕು."

"ಬಿಟ್ಟಿದೀನಿ ಅತ್ತೆ."

"ಇನ್ನೊಂದೀಟು ಬಿಡು. ಹುಡುಗ್ರು ಹೆಂಗೆ ಬೆಳೀತಾವೆ ಅಂತ ನಿಂಗೇನು ಗೊತ್ತು?"

ಬಗಲಲ್ಲಿ ಬಿಟ್ಟೆ, ತೋಳಿನಲ್ಲಿ ಬಿಟ್ಟೆ, ಚಡ್ಡಿಯ ಅಂಚಿನಲ್ಲಿ ಬಿಟ್ಟೆ. ಹಾಗೆ ಬಿಡುತ್ತಾ ಬಿಡುತ್ತಾ ಒಳಗೆ ಬಿಡಬೇಕಾದದ್ದು ಹೊರಗೂ ಬಂದುಬಿಟ್ಟಿತು. ಹಾಕಿಸಿ ನೋಡಿದರೆ ಮಗನ ಬೆರಳೇ ಕಾಣಲಿಲ್ಲ. ಚಡ್ಡಿ ಅಂತ ಶುರು ಮಾಡಿದ್ದು ಪ್ಯಾಂಟಿನ ಹತ್ತಿರ ಬಂದು ನಿಂತಿತ್ತು. ಟೈಮಾಗಿತ್ತು, ಹಾಗೇ ಕಳಿಸಿದೆ.

ಸಂಜೆ ಬಂದು ವರದಿ ಒಪ್ಪಿಸಿದ. "ಅಮ್ಮ, ಮಿಸ್ಸು ಕೇಳಿದ್ರು, ಅಣ್ಣನ ಅಂಗಿ ಹಾಕ್ಕಂಡು ಬಂದೀಯೇನೋ ಅಂತ."

"ನೀನೇನಂದೆ?"

"ಅಣ್ಣ ಇಲ್ಲ ಮಿಸ್, ಇದು ನಂದೇ, ನಾಲ್ಕನೇ ಕ್ಲಾಸಿಂದು ಅಂದೆ."

ಎರಡೂ ಬಲಗೈ

ಇನ್ನು ಮಕ್ಕಳ ಮೇಲೆ ಕೈ ಪಳಗಿಸುವುದು ಬೇಡ, ಮೊದಲು ನನ್ನ ಮೈಮೇಲೇ ಆಗಲಿ ಎಂದು ಒಂದು ಚೂಡಿದಾರ್ ಹೊಲಿದೆ. ಹಿಂದೆ ಹೊಲಿದ ಒಂದೆರಡು ಬಟ್ಟೆ ಬಿಚ್ಚಿಹೋದ ಅನುಭವ ಇದ್ದದ್ದರಿಂದ ಈ ಸಲ ಹೊಲಿಗೆಯ ಮೇಲೆ ಹೊಲಿಗೆ, ಅದರ ಮೇಲೆ ಮತ್ತೊಂದು. ಅವತ್ತು ಅನ್ನದ ದಿನ. ಅವಸರದಲ್ಲಿ ಎರಡೂ ತೋಳನ್ನು ಬಲಗೈಗೇ ಕತ್ತರಿಸಿಬಿಟ್ಟಿದ್ದೆ. ಅದು ಗೊತ್ತಾದದ್ದು ಮಂಡಿಯಲ್ಲಿ. ಎಡಗೈ ಮುಂದಕ್ಕೇ ಬರುತ್ತಿಲ್ಲ! ಕೀಬೋರ್ಡಿನ ಮೇಲಿಟ್ಟರೆ ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಮಂಡಿಯ ಸಾಹುಕಾರರು ಸ್ವಲ್ಪ ಹೊತ್ತು ನೋಡಿ, "ಕೈ ಹಿಡ್ಕಂಡೈತೇನಮ್ಮಾ? ಅರ್ಧ ದಿನ ರಜೆ ತಗಂಡು ಮನೆಗೆ ಹೋಗ್ರಿ" ಎಂದರು. ಬೇಡ ಅನ್ನಲು ನನಗೇನು ಹುಚ್ಚೇ?

ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬರು ಹಮಾಲರು ದಬ್ಬಣ ಹಿಡಿದು ಅಡಿಕೆ ಚೀಲದ ಬಾಯಿ ಹೊಲಿಯುತ್ತಿದ್ದರು. ನನ್ನ ಹೆಗಲಿನ ಹೊಲಿಗೆ ನೋಡಿ ಮನಸಾರೆ ಮೆಚ್ಚಿಕೊಂಡರು. "ನೀವೇ ಹಾಕಿದ್ದೇನ್ರೀ ಅಕ್ಕಾರೆ? ಗಟ್ಟಿ ಐತೆ ಬಿಡ್ರಿ. ಕ್ವಿಂಟಾಲ್ ತುಂಬಿದ್ರೂ ಬಾಯಿ ಬಿಡಾಕಿಲ್ಲ."

ವೇದಿಕೆ ಹತ್ತಿದ ಲಂಗ

ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ಡಾನ್ಸಿಗೆ ಸೇರಿದ್ದಳು. ಅದೂ ಮುಂದಿನ ಸಾಲಿನಲ್ಲಿ. ಉದ್ದ ಲಂಗ ಬೇಕು ಅಂದರು. ಮದುವೆ ಸೀಜನ್, ಊರಿನ ಟೈಲರುಗಳೆಲ್ಲ ಬಟ್ಟೆ ಮುಟ್ಟುವ ಮೊದಲೇ ತಲೆ ಅಲ್ಲಾಡಿಸಿದರು. ಕೊನೆಗೆ ಮಗಳು ನನ್ನ ಮುಂದೆ ಬಂದು ನಿಂತಳು.

"ಅಮ್ಮ, ಬೇರೆ ದಾರಿನೇ ಇಲ್ಲ. ನೀನೇ ಹೊಲಿ. ಆದ್ರೆ ಯಾರಿಗೂ ಹೇಳಬೇಡ."

ನನಗೆ ಅಷ್ಟೇ ಸಾಕಾಗಿತ್ತು. ದೊಡ್ಡ ಅಂಚಿನ ನನ್ನ ಹಸಿರು ಸೀರೆಗೇ ಕತ್ತರಿ ಹಾಕಿದೆ. ಅತ್ತೆಯ ಕುರ್ಚಿ ಬಂತು.

"ಅಷ್ಟು ಒಳ್ಳೆ ಸೀರೆ, ಬರೋ ವರ್ಷ ಗಿಡ್ಡ ಆಗಂಗೆ ಹೊಲೀತೀಯಾ? ಒಳಗೆ ಮೂರು ಮಡಿಕೆ ಹಿಡಿ. ವರ್ಷಕ್ಕೊಂದು ಬಿಚ್ಚಿದ್ರೆ ಹೈಸ್ಕೂಲ್ ತನಕ ಬರುತ್ತೆ."

ನಾನೂ ಮಗಳೂ ನಕ್ಕೆವು. ಆದರೂ ಅತ್ತೆಯ ಮಾತು ಮೀರಲಾರದೆ ಮೂರು ಮಡಿಕೆ ಹಿಡಿದೆ. ವರ್ಷವರ್ಷ ಬಿಚ್ಚಬೇಕಲ್ಲ, ಸುಲಭವಾಗಿರಲಿ ಎಂದು ಸಡಿಲ ಹೊಲಿಗೆ ಹಾಕಿದೆ. ಕುಕ್ಕರ್ ಬೇರೆ ಕೂಗುತ್ತಿತ್ತು.

ವಾರ್ಷಿಕೋತ್ಸವಕ್ಕೆ ನಾನೂ ಅತ್ತೆಯೂ ಹೋಗಿ ಕೂತೆವು. ಲಂಗ ಕಾಲಿನ ಗೆಜ್ಜೆಯ ಮೇಲೆ ಅಚ್ಚುಕಟ್ಟಾಗಿ ನಿಂತಿತು. ಹಾಡು ಶುರುವಾಯಿತು. ಮೊದಲ ಜಿಗಿತಕ್ಕೇ ಒಂದು ಮಡಿಕೆ ಬಿಚ್ಚಿಕೊಂಡು ಗೆಜ್ಜೆ ಮುಚ್ಚಿಹೋಯಿತು. ಎರಡನೇ ಜಿಗಿತಕ್ಕೆ ಇನ್ನೊಂದು, ಪಾದ ಮಾಯ. ಮೂರನೆಯದೂ ಬಿಚ್ಚಿ ಲಂಗ ವೇದಿಕೆಯ ಮೇಲೆ ಹರಡಿಕೊಂಡಾಗ, ಮಗಳು ಎಡವುತ್ತಾ ಸಾವಿರಾರು ತಲೆಗಳ ನಡುವೆ ಸರಿಯಾಗಿ ನನ್ನನ್ನೇ ಹುಡುಕಿ ನೋಡಿದಳು. ಆ ನೋಟಕ್ಕೆ ನಾನು ವೇಲ್‌ನಿಂದ ಮುಖ ಮುಚ್ಚಿಕೊಂಡೆ.

ಚಪ್ಪಾಳೆ ಕೇಳಿ ಮುಖ ತೆಗೆದೆ. ನನ್ನ ಹುಡುಗಿ ಲಂಗವನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ಗಿರಗಿರ ತಿರುಗುತ್ತಿದ್ದಳು. ಆ ದೊಡ್ಡ ಅಂಚು ಕೊಡೆಯ ಹಾಗೆ ಬಿಚ್ಚಿಕೊಂಡಿತ್ತು. ಉಳಿದ ಮಕ್ಕಳು ಹೆಜ್ಜೆ ಮರೆತು ಅವಳನ್ನೇ ನೋಡುತ್ತಿದ್ದರು. ನನ್ನ ಹಿಂದೆ ಕೂತವರೊಬ್ಬರು, "ಏನು ಐಡಿಯಾ ಮಾಡ್ಯಾರೆ ನೋಡ್ರೀ! ಹಾಡಿಗೆ ತಕ್ಕಂಗೆ ಲಂಗ ಉದ್ದ ಆಗ್ತೈತೆ!" ಅನ್ನುತ್ತಿದ್ದರು.

ಮಗಳು ಲಂಗ ಎಳೆದುಕೊಂಡು ಕೆಳಗಿಳಿದು ಬಂದಾಗ ತಾಯಂದಿರು ಮುತ್ತಿಕೊಂಡರು. ಥೇಟ್ ಆ ನಾಮಕರಣದ ದಿನದ ಹಾಗೇ. "ಯಾವ ಟೈಲರಮ್ಮಾ ಹೊಲಿದಿದ್ದು? ನಮ್ಮ ಹುಡುಗಿಗೂ ಹಿಂಗೇ ಬೇಕು."

ಮಗಳು ನನ್ನನ್ನು ನೋಡಿದಳು. ಜೋತಾಡುತ್ತಿದ್ದ ದಾರ ನೋಡಿದಳು.

"ನಮ್ಮಮ್ಮ ಹೊಲಿದಿದ್ದು," ಅಂದಳು ಗಟ್ಟಿಯಾಗಿ. "ಹಿಂಗೆ ಹೊಲಿಯಾಕೆ ಬೇರೆ ಯಾರಿಗೂ ಬರಲ್ಲ."

ಹೊಗಳಿಕೆಯೋ ತೆಗಳಿಕೆಯೋ, ಯಾವುದಾದರೂ ಇರಲಿ. ನನ್ನ ಕಣ್ಣು ತುಂಬಿ ಬಂತು. ಅವಳನ್ನು ತಬ್ಬಿಕೊಳ್ಳಲು ಹೋದೆ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಅತ್ತೆ ನುಗ್ಗಿ ಬಂದರು. ನೆಲ ಗುಡಿಸುತ್ತಿದ್ದ ಲಂಗದ ಅಂಚನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾ ಅಂದರು:

"ನಾನು ಹೇಳಿದ್ರೆ ನಕ್ರಲ್ಲ ಇಬ್ರೂ! ನೋಡ್ರೀ ಈಗ, ಒಂದು ಹಾಡು ಮುಗಿಯೋದ್ರೊಳಗೆ ಹುಡುಗಿ ಮೂರು ವರ್ಷ ಬೆಳೆದ್ಲು. ಒಳಗೆ ಬಟ್ಟೆ ಬಿಡದೇ ಇದ್ದಿದ್ರೆ ಏನ್ರೀ ಗತಿ?"