ಅರಕ್ಕೆ ಸಿಕ್ಕ ಅರವತ್ನಾಲ್ಕು ಅಕ್ಷರ

ನನ್ನ ಕೈಗೆ ಬಗ್ಗದ ಬೀಗ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಬೀಗ ರಿಪೇರಿ ನನ್ನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅರವೇ ಆಯುಧ. ಬಂದ ಗಿರಾಕಿಯನ್ನು "ಆಗಲ್ಲ" ಎಂದು ವಾಪಸು ಕಳಿಸಕೂಡದೆಂದು ಈಚೆಗೆ ಭೀಷ್ಮಪ್ರತಿಜ್ಞೆ ಬೇರೆ ಮಾಡಿದ್ದೆ.

ಪ್ರತಿಜ್ಞೆಯನ್ನು ಪರೀಕ್ಷಿಸಲು ಪಕ್ಕದ ಔಷಧಿ ಅಂಗಡಿಯವರು ಬಂದರು. ಅವರ ಅಜ್ಜನ ಕಾಲದ ಕಪಾಟಿನ ಕೀಲಿ ಕಳೆದುಹೋಗಿತ್ತು. ಅದಕ್ಕೆ ಬೇಕಾದ ದಪ್ಪದ ತಗಡು ನನ್ನಲ್ಲಿರಲಿಲ್ಲ. ಹುಡುಕುತ್ತ ಹೋಗಿ ಹೆಂಡತಿಯ ಬೀರು ತೆರೆದರೆ, ಬಟ್ಟೆಗಳ ಅಡಿಯಲ್ಲಿ ಅಂಗೈಯಗಲದ ಉಕ್ಕಿನ ತಗಡು! ಹೇಳಿ ಮಾಡಿಸಿದ ಹಾಗಿತ್ತು. ಆದರೆ ಯಾರೋ ಅದರ ತುಂಬ ತಲೆಬುಡವಿಲ್ಲದ ಅಂಕಿ, ಇಂಗ್ಲಿಷ್ ಅಕ್ಷರ ಕುಟ್ಟಿ ಅಂದಗೆಡಿಸಿದ್ದರು. ಗಲೀಜು ಕೆಲಸ ಕಂಡರೆ ನನಗಾಗದು. ಮೊದಲು ಗ್ರೈಂಡರ್ ಹಿಡಿದು ಒಂದಕ್ಷರವೂ ಉಳಿಯದಂತೆ ನುಣ್ಣಗೆ ಮಾಡಿದೆ. ಆಮೇಲೆ ಕತ್ತರಿಸಿ, ಅರ ಹಾಕಿ, ಕೀಲಿ ಮಾಡಿಕೊಟ್ಟೆ. ಕಪಾಟು ಮರುಮಾತಾಡದೆ ಬಾಯಿಬಿಟ್ಟಿತು.

ಸಂಜೆ ಒಳಗಿನಿಂದ ಹೆಂಡತಿಯ ದನಿ ಬಂತು.

"ರೀ, ಬೀರುವಿನಲ್ಲಿದ್ದ ತಗಡು ಎಲ್ಲಿ?"

"ಅದು ಈಗ ತಗಡಲ್ಲ ಕಣೇ, ಕಲಾಕೃತಿ!" ಎಂದು ಎದೆಯುಬ್ಬಿಸಿ ನಡೆದದ್ದನ್ನು ಹೇಳಿದೆ.

ಅವಳು ಮಂಚದ ಮೇಲೆ ಕುಳಿತುಬಿಟ್ಟಳು. "ಅದು ನನ್ನ ಕ್ರಿಪ್ಟೊ ನಾಣ್ಯದ ಕೀಲಿ ರೀ! ಆ ಅಕ್ಷರಗಳನ್ನ ಹಾಕದೆ ಕಂಪ್ಯೂಟರಿನಲ್ಲಿರೋ ದುಡ್ಡು ತೆಗೆಯೋಕೇ ಆಗಲ್ಲ. ಕಾಗದ ಸುಡುತ್ತೆ, ಫೋನ್ ಕೆಡುತ್ತೆ ಅಂತ ನಿಮ್ಮ ಅಕ್ಷರದ ಪಂಚುಗಳನ್ನೇ ತಗೊಂಡು ಉಕ್ಕಿನ ಮೇಲೆ ಕುಟ್ಟಿದ್ದೆ."

ನನ್ನ ಹೆಂಡತಿ ನಡುಮನೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಗೋಡೆಯ ಆ ಕಡೆ ಅವಳು "ಮುಕ್ಕಾಲು" ಎನ್ನುವಾಗ ಈ ಕಡೆ ನನ್ನ ಗ್ರೈಂಡರ್ "ಕಿರ್ರ್" ಎನ್ನುತ್ತದೆ. ಮಕ್ಕಳು ಮುಕ್ಕಾಲಿನ ಬದಲು ಕಿರ್ರನ್ನೇ ಕಲಿತಿದ್ದಾರೆಂಬುದು ಅವಳ ದೂರು. ಗ್ರೈಂಡರ್ ಕೇಳಿಸದ ಒಂದು ಕೋಣೆ ಮಾಡಿಕೊಳ್ಳಬೇಕೆಂದು ತನ್ನ ಉಳಿತಾಯವನ್ನೆಲ್ಲ ಆ ನಾಣ್ಯಕ್ಕೆ ಹಾಕಿದ್ದಳು. ಅದರ ಕೀಲಿಯನ್ನೇ ನಾನು ನುಣ್ಣಗೆ ಮಾಡಿದ್ದೆ! ಆದರೂ ಮೀಸೆ ಮಣ್ಣಾಗಬಾರದಲ್ಲ!

"ಅಷ್ಟೇ ತಾನೇ? ಊಹಿಸಿ ತೆಗೀತೀನಿ ಬಿಡು!"

"ನೀವಾ? ಅರವತ್ನಾಲ್ಕು ಅಕ್ಷರ ಇದೆ."

"ಇರಲಿ. ನಿನ್ನ ತಲೆ ಹೇಗೆ ಓಡುತ್ತೆ ಅಂತ ನಂಗೊತ್ತಿಲ್ವಾ? ನೀನು ಹುಟ್ಟಿದ ದಿನ, ನಮ್ಮ ಮದುವೆ ದಿನ..."

"ಅದನ್ನ ಆರಿಸಿದ್ದು ನಾನಲ್ಲ, ಯಂತ್ರ. ಅದಕ್ಕೆ ಹುಟ್ಟೂ ಇಲ್ಲ, ಮದುವೆನೂ ಇಲ್ಲ. ನಾಣ್ಯ ಚಿಮ್ಮೋದು ನೋಡಿಲ್ವಾ? ಹಾಗೆ ಇನ್ನೂರೈವತ್ತಾರು ಸಲ ಚಿಮ್ಮಿದ್ದು ಅಂದ್ಕೊಳ್ಳಿ. ಒಂದೂ ತಪ್ಪದ ಹಾಗೆ ಹೇಳ್ಬೇಕು."

ಜೇಬಿನಿಂದ ಒಂದು ನಾಣ್ಯ ತೆಗೆದು ಚಿಮ್ಮಿದೆ. ಮೊದಲನೆಯದೇ ತಪ್ಪಿತು. ಫ್ಯಾನಿನ ಗಾಳಿ ಜಾಸ್ತಿಯಾಯಿತೆಂದು ಗೊಣಗಿ ಕಂಪ್ಯೂಟರಿನ ಮುಂದೆ ಆಸೀನನಾದೆ. ಒಂದಷ್ಟು ಅಕ್ಷರ ಕುಟ್ಟಿ, ಕಿವಿಯನ್ನು ಪರದೆಗೆ ಹಚ್ಚಿದೆ.

"ಏನ್ರೀ ಮಾಡ್ತಿದ್ದೀರಾ?"

"ಬೀಗ ಅಂದ್ಮೇಲೆ ಕಿವಿಗೆ ಹೇಳುತ್ತೆ ಕಣೇ. ಹತ್ತಿರ ಬಂದ್ರೆ ಟಿಕ್ ಅನ್ನುತ್ತೆ. ಆ ಟಿಕ್ ಹಿಡ್ಕೊಂಡೇ ಅಲ್ವಾ ನಾನು ಹೊಟ್ಟೆ ಹೊರೆಯೋದು!"

"ಇದು ಅನ್ನಲ್ಲ. ಅರವತ್ಮೂರು ಸರಿಯಾಗಿ ಒಂದು ತಪ್ಪಿದ್ರೂ ಎಲ್ಲಾ ತಪ್ಪಿದ ಹಾಗೇನೇ. ಹತ್ತಿರ ಬಂದ್ರಿ ಅಂತ ಸುಳಿವೇ ಕೊಡಲ್ಲ."

"ಥೂ, ಎಂಥಾ ಮರ್ಯಾದೆಗೆಟ್ಟ ಬೀಗ!"

ಆದರೂ ಬಿಡಲಿಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಕುಟ್ಟಿದೆ. ಅರವತ್ನಾಲ್ಕೂ ತುಂಬಿದ್ದೇ ತಡ, ಪರದೆಯ ಮೇಲೆ ಖಾತೆಯೊಂದು ಫಳ್ಳನೆ ತೆರೆದುಕೊಂಡಿತು!

"ತೆಗೀತು! ತೆಗೀತು! ಯಾರ ಹತ್ರ ಆಟ!" ಎಂದು ಕುರ್ಚಿ ಬೀಳುವಂತೆ ಕುಣಿದೆ.

"ಒಳಗೆಷ್ಟಿದೆ?"

ನೋಡಿದೆ. "ಸೊನ್ನೆ."

"ಅದು ನಂದಲ್ಲ. ಯಾರದ್ದೂ ಅಲ್ಲ. ಇಲ್ಲಿ ಯಾವ ಕೀಲಿ ಹಾಕಿದ್ರೂ ಒಂದು ಬಾಗಿಲು ತೆಗೆಯುತ್ತೆ, ಒಳಗಡೆ ಮಾತ್ರ ಖಾಲಿ. ಅಷ್ಟೊಂದು ಬಾಗಿಲು ಇದಾವೆ!"

"ಹಾಕ್ತಾ ಹೋದ್ರೆ ಯಾವತ್ತಾದ್ರೂ ನಿನ್ನ ಬಾಗಿಲು ಬರಲೇಬೇಕಲ್ಲ?"

"ಪ್ರಪಂಚದ ಜನರೆಲ್ಲ ಸೂರ್ಯ ಹುಟ್ಟಿದಾಗಿನಿಂದ ಕೂತು, ಒಬ್ಬೊಬ್ಬರೂ ಸೆಕೆಂಡಿಗೆ ಕೋಟಿ ಕೀಲಿ ಹಾಕಿದ್ರೂ, ಇವತ್ತಿಗೆ ಮುಗಿದಿರೋದು ಲೆಕ್ಕಕ್ಕೇ ಬರಲ್ಲ ರೀ."

"ಊಟಕ್ಕೂ ಏಳದೇನಾ?"

"ಏಳದೇ."

ಗಣಿತದ ಟೀಚರನ್ನು ಮದುವೆಯಾದರೆ ಹೀಗೆಯೇ, ಸಮಾಧಾನಕ್ಕೂ ಒಂದು ಸುಳ್ಳು ಸಿಗುವುದಿಲ್ಲ. ಮರುದಿನ ಔಷಧಿ ಅಂಗಡಿಗೆ ಓಡಿ, ಆ ಕೀಲಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದೆ. ಅಕ್ಷರದ ನೆರಳೂ ಇರಲಿಲ್ಲ.

"ಕನ್ನಡಿ ಹಾಗೆ ಹೊಳೀತಿದೆ! ನಿಮ್ಮ ಕೈಚಳಕಕ್ಕೆ ಸಾಟಿಯಿಲ್ಲ ಬಿಡಿ!" ಎಂದರು ಅಂಗಡಿಯವರು. ಜನ್ಮದಲ್ಲಿ ಮೊದಲ ಸಲ ಹೊಗಳಿಕೆ ಕೇಳಿ ಅಳು ಬಂತು.

ಮನೆಗೆ ಬಂದು ಶರಣಾದೆ. "ತಪ್ಪಾಯ್ತು ಕಣೇ. ನಿನ್ನ ಕೋಣೆಯನ್ನ ನಾನೇ ಕೈಯಾರೆ ಅರೆದು ಹಾಕ್ಬಿಟ್ಟೆ. ನನ್ನ ಅಂಗಡಿ ಕೋಣೆ ತಗೋ. ಬೀದಿ ಕೊನೇಲಿ ಒಂದು ಗೂಡಂಗಡಿ ಖಾಲಿ ಇದೆ, ನಾನು ಗ್ರೈಂಡರ್ ಎತ್ಕೊಂಡು ಅಲ್ಲಿಗೆ ಹೋಗ್ತೀನಿ."

"ಬರೀ ಬಾಯಿಮಾತಾ, ನಾಳೆಯಿಂದಾನಾ?"

"ನಾಳೆಯಿಂದಾನೇ!"

ಹೇಳಿದಂತೆ ಗಂಟುಮೂಟೆ ಕಟ್ಟಿದೆ. ಮಧ್ಯಾಹ್ನದೊಳಗೆ ನನ್ನ ಕೋಣೆಯಲ್ಲಿ ಕರಿಹಲಗೆ ನಿಂತಿತ್ತು, ಬೆಂಚು ಬಂದಿತ್ತು, ಗೋಡೆಗೆ ಸುಣ್ಣವೂ ಆಗಿತ್ತು. ಮರೆತುಬಂದ ಒಂದು ಅರಕ್ಕಾಗಿ ವಾಪಸು ಹೋದರೆ, ಹೆಂಡತಿ ಕಂಪ್ಯೂಟರಿನ ಮುಂದೆ ನಿಶ್ಚಿಂತಳಾಗಿ ಕುಳಿತಿದ್ದಳು. ಕೈಯಲ್ಲಿ ಅಂಗೈಯಗಲದ ಉಕ್ಕಿನ ತಗಡು. ಅದರ ತುಂಬ ತಲೆಬುಡವಿಲ್ಲದ ಅಂಕಿ, ಇಂಗ್ಲಿಷ್ ಅಕ್ಷರ!

"ಇದು... ಇದೆಲ್ಲಿಂದ ಬಂತೇ?"

"ಅಕ್ಕನ ಮನೇಲಿಟ್ಟಿದ್ದೆ. ಈಗ ತಂದೆ."

"ಹಾಗಾದ್ರೆ ನಿನ್ನ ದುಡ್ಡು ಹೋಗಿಲ್ಲ! ನನ್ನ ಅಂಗಡಿ ನಂಗೆ ಕೊಡೇ, ನೀನು ಬೇರೆ ಕೋಣೆ ತಗೋ!"

"ಕೋಣೆ ಸಿಕ್ಕಾಯ್ತಲ್ಲ, ಇನ್ನೊಂದು ಯಾಕೆ? ಶುರುವಿನಲ್ಲೇ ಎರಡು ತಗಡು ಕುಟ್ಟಿದ್ದೆ ರೀ. ಒಂದು ನನಗೆ, ಇನ್ನೊಂದು ನೀವು ಕತ್ತರಿಸೋಕೆ."

"ನಾನು ಕತ್ತರಿಸ್ತೀನಿ ಅಂತ ನಿನಗೆ ಆಗಲೇ ಹೇಗೆ ಗೊತ್ತಾಯ್ತು?"

ಅವಳು ಪರದೆಯಿಂದ ಕಣ್ಣು ಕೀಳದೆ ಹೇಳಿದಳು:

"ಊಹೆಗೆ ಸಿಗದೇ ಇರೋದು ಕೀಲಿ ರೀ, ನೀವಲ್ಲ."