ಹರಕೆಯ ಮುಡಿಗೆ ಕೂದಲಿನ ಬರ

ತುರುವೇಕೆರೆಯಲ್ಲಿ ನನ್ನದೊಂದು ಗೊಬ್ಬರದ ಅಂಗಡಿ ಇದೆ. ಅಂಗಡಿ ಎನ್ನುವುದು ಬೋರ್ಡಿನ ಮೇಲೆ ಮಾತ್ರ, ನಿಜವಾಗಿ ಅದು ತೆಂಗಿನ ಮರಗಳ ಆಸ್ಪತ್ರೆ. ಎಳೆಯ ಹರಳುಗಾಯಿ ಉದುರಲಿ, ನುಸಿ ಹತ್ತಲಿ, ಸುಳಿ ಕೊಳೆಯಲಿ, ರೈತರು ಒಂದು ಗರಿ ಮುರಿದುಕೊಂಡು ಸೀದಾ ನನ್ನ ಹತ್ತಿರ ಬರುತ್ತಾರೆ. ನಾನು ಗರಿಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಹೂಂ" ಎನ್ನುತ್ತೇನೆ. ಆ "ಹೂಂ"ಗೆ ಮೂರು ತಾಲ್ಲೂಕಿನಲ್ಲಿ ಬೆಲೆ ಇದೆ. ಬಂಜೆಯಾದ ಮರಗಳಲ್ಲೂ ಕಾಯಿ ಬಿಡಿಸಿದ ಇಂಥ ನಾನು, ಒಂದು ಗೇಣು ಅಗಲದ ನನ್ನ ಸ್ವಂತ ತಲೆಯ ಮೇಲೆ ಬೆಳೆ ತೆಗೆಯಲಾರೆನೇ? ಹೀಗೆಂದುಕೊಂಡೇ ನಾನು ಕೆಟ್ಟೆ.

ಕೆಟ್ಟ ಕಥೆಗೆ ಒಂದು ಹಿನ್ನೆಲೆ ಇದೆ. ಎಂಟು ವರ್ಷದ ಹಿಂದೆ ನಮ್ಮ ಕೊಬ್ಬರಿ ಅಟ್ಟದಿಂದ ಕಾಯಿ ಇಳಿಸಲು ಹತ್ತಿದವನು, ಕಾಯಿಗಿಂತ ಮೊದಲು ನಾನೇ ಇಳಿದೆ. ಕಾಲು ಎರಡು ಕಡೆ ಮುರಿಯಿತು. ಆಗ ನಮ್ಮವ್ವ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಿಗೆ ಮುಖ ಮಾಡಿ ನಿಂತು, ಸೆರಗೊಡ್ಡಿ, "ಗುಡ್ಡದ ರಂಗಪ್ಪಾ, ನನ್ ಮಗ ಎದ್ದು ಓಡಾಡಂಗಾದ್ರೆ ತಲೆ ತುಂಬ ಮುಡಿ ಕೊಡಿಸ್ತೀನಿ" ಎಂದು ನಮ್ಮ ಮನೆದೇವರಿಗೆ ಹರಕೆ ಹೊತ್ತಳು. ತಲೆ ತುಂಬ! ಆಗ ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ನನ್ನ ಕೂದಲಿನೊಳಗೆ ಹೋದ ಬಾಚಣಿಗೆ ಹೊರಗೆ ಬರಲು ದಾರಿ ಕೇಳಬೇಕಿತ್ತು.

ಕಾಲು ನೆಟ್ಟಗಾಯಿತು. ಮುಡಿ ಮಾತ್ರ ಮುಂದಕ್ಕೆ ಹೋಯಿತು. ಮೊದಲು ಭಾಮೈದನ ಮದುವೆ ಬಂತು, ಫೋಟೋದಲ್ಲಿ ಬೋಳುತಲೆ ಚೆನ್ನಾಗಿರುತ್ತದೆಯೇ? ಆಮೇಲೆ ಅಂಗಡಿಯ ಪ್ರಾರಂಭೋತ್ಸವ. ಆಮೇಲೆ ಭಾಮೈದನ ಮಗುವಿನ ನಾಮಕರಣ. "ಆತುರ ಯಾಕವ್ವ? ಗುಡ್ಡ ಎಲ್ಲಿಗೋಗ್ತದೆ, ಕೂದ್ಲು ಎಲ್ಲಿಗೋಗ್ತದೆ" ಎನ್ನುತ್ತಿದ್ದೆ. ಗುಡ್ಡ ಎಲ್ಲಿಗೂ ಹೋಗಲಿಲ್ಲ.

ಕೂದಲು ಹೋದದ್ದು ನನಗೆ ತಿಳಿದದ್ದೇ ಅಂಗಡಿಗೆ ಸಿಸಿಟಿವಿ ಹಾಕಿಸಿದ ದಿನ. ಪರದೆಯಲ್ಲಿ ನೋಡುತ್ತೇನೆ, ಯಾರೋ ನಡುನೆತ್ತಿ ಬೋಳಾದವನು ನನ್ನ ಕುರ್ಚಿಯಲ್ಲಿ ಕೂತು ನನ್ನ ಟೀ ಕುಡಿಯುತ್ತಿದ್ದಾನೆ! "ಯಾರಯ್ಯಾ ಅದು?" ಎಂದು ಕೈ ಎತ್ತಿದೆ. ಅವನೂ ಕೈ ಎತ್ತಿದ.

ಅವ್ವನಿಗೆ ಇದೊಂದೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವಳ ಎರಡೂ ಕಣ್ಣಿಗೆ ಪೊರೆ ಬಂದು, ನಾನು ಎದುರಿಗೆ ನಿಂತರೆ ಮಾತಿನ ಮೇಲೆ ಗುರುತು ಹಿಡಿಯುತ್ತಿದ್ದಳು. ನಾನೂ ಮನೆಯಲ್ಲಿ ತಲೆಗೊಂದು ಟವೆಲ್ ಸುತ್ತಿಕೊಂಡೇ ಇರುತ್ತಿದ್ದೆ. "ಬಿಸಿಲು ಕಣೇ" ಎಂದರೆ, ನನ್ನ ಹೆಂಡತಿ ಗಿರಿಜ, "ಹೌದು ಬುಡಿ, ನಮ್ ಅಡುಗೆಮನೆಯಾಗೆ ಬಿಸಿಲು ಜಾಸ್ತಿ" ಎನ್ನುತ್ತಿದ್ದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಅವ್ವ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ರಂಗಸ್ವಾಮಿ, ನಂಗೆ ರಾತ್ರಿ ನಿದ್ದೆ ಬರಾಕಿಲ್ಲ ಕಣಪ್ಪ. ಹರಕೆ ಹಂಗೇ ಉಳ್ಕೊಂಡೈತೆ. ನಾಳೆ ನಾನು ಹೋದ್ಮೇಲೆ, ಏನಮ್ಮಾ ನಿನ್ ಮಗನ ಕಾಲು ಸರಿ ಮಾಡ್ಕೊಟ್ನಲ್ಲ, ನನ್ ಮುಡಿ ಎಲ್ಲಿ ಅಂತ ರಂಗಪ್ಪ ಕೇಳಿದ್ರೆ ಏನ್ ಹೇಳ್ಲಿ? ಕಣ್ಣು ಆಪರೇಷನ್ ಮಾಡ್ಸು. ಶ್ರಾವಣದಾಗೆ ಗುಡ್ಡಕ್ಕೋಗಿ, ನಿನ್ ಮುಡಿ ಬೀಳೋದ್ನ ನಾನು ಕಣ್ಣಾರೆ ನೋಡ್ಬೇಕು."

ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಕಣ್ಣು ಬಂದ ಅವ್ವ ಮೊದಲು ನೋಡುವುದೇ ನನ್ನ ತಲೆಯನ್ನು! ಕೈಯಲ್ಲಿದ್ದದ್ದು ನಾಲ್ಕು ತಿಂಗಳು. ಅಷ್ಟರೊಳಗೆ ಅವ್ವನಿಗಾಗಿ, ದೇವರಿಗಾಗಿ, ತಲೆ ತುಂಬ ಅಲ್ಲದಿದ್ದರೂ ತಲೆಯ ಮುಕ್ಕಾಲು ಭಾಗವಾದರೂ ತುಂಬಿಸಲೇಬೇಕೆಂದು ಪಣ ತೊಟ್ಟೆ.

ಗಿರಿಜ ನನ್ನನ್ನು ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನನ್ನ ನೆತ್ತಿಯನ್ನು ನೋಡಿ, "ಹೂಂ" ಎಂದರು. ನನ್ನದೇ "ಹೂಂ"! ಅದನ್ನು ಕೇಳುವ ರೈತನ ಪಾಡು ಏನೆಂದು ಅವತ್ತು ತಿಳಿಯಿತು.

"ಇದು ವಂಶದಲ್ಲಿ ಬರೋದು, ಗಂಡಸರಲ್ಲಿ ಸಾಮಾನ್ಯ. ಕೂದಲಿನ ಬೇರು ವರ್ಷದಿಂದ ವರ್ಷಕ್ಕೆ ಸಣ್ಣದಾಗ್ತಾ ಹೋಗುತ್ತೆ" ಎಂದು ವಿವರಿಸಿದರು. "ಇರೋದನ್ನ ಉಳಿಸಿಕೊಳ್ಳೋಕೆ ಔಷಧಿ ಇದೆ. ತಿಂಗಳುಗಟ್ಟಲೆ ಬಿಡದೆ ಹಚ್ಚಬೇಕು. ಪೂರ್ತಿ ಬೋಳಾದ ಜಾಗದಲ್ಲಿ ಹೆಚ್ಚು ಆಸೆ ಇಟ್ಕೋಬೇಡಿ. ಕೂದಲಿಲ್ಲದೇನೂ ಮನುಷ್ಯ ಚೆನ್ನಾಗೇ ಇರ್ತಾನೆ."

"ಕೊಬ್ಬರಿ ಎಣ್ಣೆ ಜಾಸ್ತಿ ಹಚ್ಚಿದರೆ?"

"ಎಣ್ಣೆಯಿಂದ ಹೊಸ ಕೂದಲು ಹುಟ್ಟಲ್ಲ."

ತಿಪಟೂರು ಸೀಮೆಯಲ್ಲಿ ಹುಟ್ಟಿ, ಕೊಬ್ಬರಿ ತಿಂದು ಬೆಳೆದವನ ಮುಖದ ಮೇಲೆ ಆಡುವ ಮಾತೇ ಇದು! ನನಗೆ ರೋಷ ಉಕ್ಕಿತು. ಔಷಧಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟವನು, ಬಸ್ಸಿನಲ್ಲಿ ಗಿರಿಜಳಿಗೆ ಒಂದು ಪ್ರಕಟಣೆ ಹೊರಡಿಸಿದೆ: "ಬೇರು ಸಣ್ಣದಾಗಿದೆ ಅಂತ ಅವರೇ ಒಪ್ಪಿಕೊಂಡ್ರು. ಬೇರಿನ ವಿಷಯ ನನಗೆ ಹೇಳಿಕೊಡಬೇಕಾ? ಇನ್ನು ಈ ತಲೆಯ ಬೇಸಾಯ ನಂದು."

"ಬೇಸಾಯ, ಮನೆ ಮಂದಿಯೆಲ್ಲ ಸಾಯ" ಎಂದು ಗಿರಿಜ ಕಿಟಕಿಯ ಕಡೆ ತಿರುಗಿದಳು.

ಮೊದಲನೆಯ ಹಂತ, ನೀರಾವರಿ. ಗಾಣದಿಂದ ತಾಜಾ ಎಣ್ಣೆ ತಂದು ಬೆಳಿಗ್ಗೆ ಸಂಜೆ ಸುರಿದುಕೊಂಡೆ. ತಿಂಗಳೊಳಗೆ ಫಲಿತಾಂಶ ಕಾಣಿಸಿತು. ದಿಂಬಿಗೆ ಇರುವೆ ಬಂದವು! ತಲೆ ಮಾತ್ರ ಮೊದಲಿಗಿಂತ ಹೆಚ್ಚು ಹೊಳೆಯತೊಡಗಿತು. ಎರಡನೆಯ ಹಂತ, ಗೊಬ್ಬರ. ಮರದ ಬುಡಕ್ಕೆ ಬೇವಿನ ಹಿಂಡಿ ಹಾಕಿದರೆ ಬೇರಿಗೆ ಬಲ ಬರುತ್ತದೆ ಎಂದು ಸಾವಿರ ಜನಕ್ಕೆ ಹೇಳಿದವನು ನಾನು. ಅದನ್ನೇ ನೆನೆಸಿ, ರುಬ್ಬಿ, ನೆತ್ತಿಗೆ ಮೆತ್ತಿಕೊಂಡು ಅಂಗಡಿಯ ಒಳಕೋಣೆಯಲ್ಲಿ ಕೂತಿದ್ದೆ. ದಂಡಿನಶಿವರದ ರೈತನೊಬ್ಬ ಹಿಂಡಿಗೆಂದೇ ಬಂದವನು ನನ್ನನ್ನು ಇಣುಕಿ ನೋಡಿದ.

"ಏನ್ ಸ್ವಾಮಿ ಇದು?"

"ಸ್ಯಾಂಪಲ್" ಎಂದೆ.

ಅವನು ನನ್ನ ತಲೆಯನ್ನೇ ದಿಟ್ಟಿಸಿ, "ಹಂಗಾದ್ರೆ ನಂಗೆ ಬೇರೆ ಕಂಪ್ನಿದು ಕೊಡಿ" ಎಂದ.

ಹೀಗೆ ಮೂರು ತಿಂಗಳು ಉರುಳಿ, ಅವ್ವನ ಬಲಗಣ್ಣಿನ ಆಪರೇಷನ್ ನಿಗದಿಯಾಯಿತು. ನೆತ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲು ಅಳಿದುಳಿದು ನಿಂತಿದ್ದವು. ನನಗೆ ದಿಕ್ಕು ತೋಚದೆ ಪಕ್ಕದ ಮನೆಯ ಮೂಡ್ಲಗಿರಿಯ ಹತ್ತಿರ ಗೋಳು ತೋಡಿಕೊಂಡೆ. ಅವನು ನನ್ನ ಬಾಲ್ಯದ ಗೆಳೆಯ, ಕೊಬ್ಬರಿ ಸುಲಿಸುವ ಶೆಡ್ಡು ಇಟ್ಟಿದ್ದಾನೆ. ಅವನ ಹಿತ್ತಲಲ್ಲಿ ತೆಂಗಿನ ಚಿಪ್ಪು ಗುಡ್ಡದಂತೆ ಬಿದ್ದಿರುತ್ತದೆ.

"ಲೇ ರಂಗ, ಇಷ್ಟಕ್ಕೆಲ್ಲ ಯಾಕ್ಲಾ ಕೊರಗ್ತೀಯ? ನಮ್ಮಜ್ಜ ಕುರಿ ಮೇಯಿಸ್ತಿದ್ದೋನು. ಕಜ್ಜಿಯಾಗಿ ಕುರಿ ಉಣ್ಣೆ ಉದುರಿದ್ರೆ ಚಿಪ್ಪಿನೆಣ್ಣೆ ಹಚ್ಚೋನು. ತಿಂಗ್ಳೊಳಗೆ ಎರಡರಷ್ಟು ಉಣ್ಣೆ ಬರೋದು ಕಣ್ಲಾ!"

ಚಿಪ್ಪನ್ನು ಮಡಕೆಗೆ ತುಂಬಿ, ಸುತ್ತ ಬೆಂಕಿ ಹಾಕಿ, ತಳದ ತೂತಿನಿಂದ ಹನಿಹನಿಯಾಗಿ ಇಳಿಸುವ ಕಪ್ಪು ಎಣ್ಣೆ ಅದು. ಹುಳುಕಡ್ಡಿಗೆ ನಮ್ಮ ಕಡೆಯ ಹಿರಿಯರು ಕಡ್ಡಿಯ ತುದಿಯಲ್ಲಿ ಒಂದು ಹನಿ ಮುಟ್ಟಿಸುತ್ತಿದ್ದರು. ಒಂದು ಹನಿಗೆ ಅಷ್ಟು ಗುಣವಿದ್ದರೆ ಒಂದು ಬಟ್ಟಲಿಗೆ ಎಷ್ಟಿರಬೇಡ? ಲೆಕ್ಕ ಸರಿಯಾಗಿಯೇ ಇತ್ತು. ಆಪರೇಷನ್ನಿನ ದಿನ ಗಿರಿಜ ಅವ್ವನ ಜೊತೆ ಆಸ್ಪತ್ರೆಯಲ್ಲೇ ಉಳಿದಳು. ನಾನು ಸಂಜೆ ಮನೆಗೆ ಬಂದು, ಮೂಡ್ಲಗಿರಿ ಕೊಟ್ಟ ಬಟ್ಟಲನ್ನು ಪೂರ್ತಿ ನೆತ್ತಿಗೆ ಬಳಿದುಕೊಂಡೆ.

ಅಯ್ಯೋ ರಂಗಪ್ಪಾ! ಮೊದಲು ತಣ್ಣಗಿತ್ತು. ಆಮೇಲೆ ಬೆಚ್ಚಗಾಯಿತು. ಆಮೇಲೆ ಯಾರೋ ನನ್ನ ನೆತ್ತಿಯ ಮೇಲೆ ರೊಟ್ಟಿ ಬೇಯಿಸಲು ಕೂತ ಹಾಗಾಯಿತು! ನಾನು ಬಚ್ಚಲಿಗೆ ಓಡಿ, ನೀರು ಸುರಿದುಕೊಂಡು, ಸೋಪು ತಿಕ್ಕಿ, ಮತ್ತೆ ನೀರು ಸುರಿದುಕೊಂಡು, ಕಾಲು ಮುರಿದಾಗಲೂ ಕೂಗದಷ್ಟು ಜೋರಾಗಿ ಕೂಗಿಕೊಂಡೆ. ಕಾಂಪೌಂಡಿನ ಆಚೆಯಿಂದ ಮೂಡ್ಲಗಿರಿಯ ದನಿ ಬಂತು.

"ಉರೀತೈತೇನ್ಲಾ?"

"ಉರೀತೈತೆ ಕಣ್ಲಾ!"

"ಹಂಗಾದ್ರೆ ಹಿಡೀತೈತೆ ಬುಡು."

ಉರಿ ನಿಧಾನಕ್ಕೆ ಇಳಿಯಿತು. ಬಣ್ಣ ಇಳಿಯಲಿಲ್ಲ. ಕನ್ನಡಿ ನೋಡಿದರೆ ಹಣೆಯ ಮೇಲಿಂದ ಹಿಂದಲೆಯವರೆಗೆ ಕಪ್ಪೋ ಕಪ್ಪು! ದೋಸೆಯ ಹಂಚನ್ನು ಬೋರಲು ಹಾಕಿಕೊಂಡವನಂತೆ ಕಾಣುತ್ತಿದ್ದೆ. ಟವೆಲ್ ಸುತ್ತೋಣವೆಂದರೆ ಬಟ್ಟೆ ತಗುಲಿದರೂ ಜೀವ ಹೋಗುತ್ತಿತ್ತು. ಬರಿತಲೆಯಲ್ಲೇ ಮರುದಿನ ಆಸ್ಪತ್ರೆಗೆ ಹೋದೆ.

ನರ್ಸಮ್ಮ ಅವ್ವನ ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕೂರಿಸಿದ್ದರು. ನಾನು ಬಾಗಿಲಲ್ಲಿ, ಗಲ್ಲಿಗೆ ಹೋಗುವವನಂತೆ ನಿಂತೆ. ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಮುಖ ಅರಳಿತು.

"ಅಯ್ಯೋ ನನ್ನಪ್ಪ! ನಲವತ್ತೈದಾದ್ರೂ ಒಂದೇ ಒಂದು ಬಿಳಿಕೂದ್ಲಿಲ್ಲ ಕಣೇ ಗಿರಿಜ! ಹೆಂಗೆ ಕರ್ರಗೆ ಒತ್ತಾಗಿ ಕೂತೈತೆ ನೋಡು!"

ಗಿರಿಜ ನನ್ನ ತಲೆ ನೋಡಿ, ಬಾಯಿಗೆ ಸೆರಗು ತುಂಬಿಕೊಂಡು ವಾರ್ಡಿನಿಂದ ಆಚೆಗೆ ಓಡಿದಳು. ಅತ್ತೆಯ ಕಣ್ಣು ಬಂದ ಸಂತೋಷಕ್ಕೆ ಅಳುತ್ತಿದ್ದಾಳೆಂದು ನರ್ಸಮ್ಮ ಸಮಾಧಾನ ಹೇಳಿದರು. ನಾನು ನಿಜ ಹೇಳಬಹುದಿತ್ತು. ಆದರೆ ಅಷ್ಟು ದಿನದ ಮೇಲೆ ಅವ್ವ ನಗುವುದನ್ನು ನೋಡಿ, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಅವತ್ತು ಅವಳು ಮಧ್ಯಾಹ್ನವೇ ಗೊರಕೆ ಹೊಡೆದು ಮಲಗಿದಳು.

ಹನ್ನೆರಡನೆಯ ದಿನಕ್ಕೆ ಶ್ರಾವಣ ಶನಿವಾರ. ಅಲ್ಲಿಯವರೆಗೆ ಅವ್ವನ ಕಪ್ಪು ಕನ್ನಡಕ ಇಳಿಯಲಿಲ್ಲ, ನಾನೂ ಅವಳ ಕೈಗೆಟುಕದಷ್ಟು ದೂರದಲ್ಲೇ ಓಡಾಡಿದೆ. ಗುಡ್ಡದ ಮೇಲೆ ಮುಡಿ ಕೊಡುವವರು ಸಾಲಾಗಿ ಕೂತಿದ್ದರು. ಮೂಡ್ಲಗಿರಿಯೂ, ತನ್ನ ಔಷಧಿಗೆ ಪ್ರಾಯಶ್ಚಿತ್ತವೆಂದು, ಮುಡಿ ಕೊಡಲು ನನ್ನ ಪಕ್ಕ ಕೂತ. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಎದುರಿಗೆ ಕೈಮುಗಿದು ನಿಂತಳು. ಮುಡಿ ತೆಗೆಯುವ ಹಿರಿಯರು ನನ್ನ ತಲೆಗೆ ನೀರು ಚಿಮುಕಿಸಿ, ಮೆತ್ತಗಾಗಲೆಂದು ಗಸಗಸ ತಿಕ್ಕಿದರು.

ಸುಟ್ಟ ಚರ್ಮ ಎರಡು ದಿನದಿಂದ ಒಳಗೊಳಗೇ ಬಿಟ್ಟುಕೊಂಡಿತ್ತು. ಆ ತಿಕ್ಕಿಗೆ ಕಪ್ಪೆಲ್ಲ ಹಪ್ಪಳದಂತೆ ಎದ್ದು, ಉಳಿದಿದ್ದ ಏಳೆಂಟು ಕೂದಲನ್ನೂ ಜೊತೆಗೆ ಕರೆದುಕೊಂಡು, ಅವರ ಅಂಗೈಗೆ ಬಂತು! ಹಿರಿಯರು ಅಂಗೈಯನ್ನೊಮ್ಮೆ, ನನ್ನ ತಲೆಯನ್ನೊಮ್ಮೆ ನೋಡಿದರು. ಕತ್ತಿಯನ್ನು ಕೆಳಗಿಟ್ಟರು.

"ಯಜಮಾನ್ರೇ, ಇಲ್ಲಿ ನಂದೇನೂ ಕೆಲ್ಸ ಇಲ್ವಲ್ಲ."

ಅವ್ವ ಕನ್ನಡಕ ತೆಗೆದಳು. ಬಗ್ಗಿ ನೋಡಿದಳು. ನನ್ನ ನುಣ್ಣಗಿನ ಕೆಂಪು ನೆತ್ತಿಯ ಮೇಲೆ ಬೆರಳಿಟ್ಟು, "ಯಾವಾಗ್ಲಿಂದ ಹಿಂಗಾಗೈತೆ?" ಎಂದು ಕೇಳಿದಳು.

"ನಾಲ್ಕು ವರ್ಷದಿಂದ ಕಣವ್ವ. ಹೇಳಕ್ಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತು." ನನಗೆ ನಿಜಕ್ಕೂ ಅಳು ಬಂತು. ಇದ್ದಾಗ ಕೊಡಲಿಲ್ಲ, ಈಗ ಕೊಡೋಣವೆಂದರೆ ಇಲ್ಲ.

ಅವ್ವ ಗುಡಿಯ ಕಡೆ ತಿರುಗಿದಳು.

"ಅಲ್ಲಪ್ಪಾ ರಂಗಪ್ಪ, ನಾವು ತರೋಗಂಟ ಕಾಯಕ್ಕಾಗ್ಲಿಲ್ವಾ ನಿಂಗೆ? ನೀನೇ ನಮ್ಮನೆಗೆ ಬಂದು ದಿನಕ್ಕಿಷ್ಟಿಷ್ಟು ಅಂತ ತಗೊಂಡೋಗ್ಬುಟ್ಟಿದ್ದೀಯ! ನಾನು ಸುಮ್ನೆ ನಿದ್ದೆಗೆಟ್ಟೆ." ಆಮೇಲೆ ಹಿರಿಯರಿಗೆ ಹೇಳಿದಳು, "ಅವ್ನು ಹಿಂದ್ಗಡೆ, ಕಿವಿ ಸಂದಿನಾಗೆ ಏನೋ ಮರ್ತು ಬುಟ್ಟೋಗವ್ನೆ. ಅದನ್ನೂ ತೆಗ್ದುಬುಡಿ ಸ್ವಾಮಿ, ಹರಕೆ ತೀರಿತು."

ಅದಕ್ಕೆ ಮೂರೇ ನಿಮಿಷ ಹಿಡಿಯಿತು. ಸಾಲಿನಲ್ಲಿ ನನ್ನ ಹಿಂದಿದ್ದವರು ನನ್ನನ್ನು ಬಹಳ ಕೃತಜ್ಞತೆಯಿಂದ ನೋಡಿದರು.

ನಿಜ ಹೇಳಬೇಕೆಂದರೆ, ಊರಿಗೆ ಬಂದ ಮೇಲೆ ನನಗೆ ಗೌರವವೇ ಹೆಚ್ಚಿತು. ಅಂಗಡಿಗೆ ಬಂದವರೆಲ್ಲ, "ಮುಡಿ ಕೊಟ್ರಾ ಸ್ವಾಮಿ? ಒಳ್ಳೇದಾಯ್ತು ಬುಡಿ" ಎಂದು ಕೈಮುಗಿಯುತ್ತಿದ್ದರು. ಟವೆಲ್ ಬೇಡ, ಎಣ್ಣೆ ಬೇಡ. ಬೋಳುತಲೆಗೆ ಒಂದು ಕಾರಣ ಸಿಕ್ಕಿದರೆ ಎಷ್ಟು ನೆಮ್ಮದಿ! ನಾನು ಭಕ್ತಶಿರೋಮಣಿಯಂತೆ ತಲೆ ಎತ್ತಿಕೊಂಡು ತಿರುಗಿದೆ.

ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ನನ್ನ ಜೊತೆಗೇ ಮುಡಿ ಕೊಟ್ಟ ಮೂಡ್ಲಗಿರಿ ಹೊಸ ಕ್ರಾಪು ಬಾಚಿಕೊಂಡು ಓಡಾಡತೊಡಗಿದ. ನನ್ನ ನೆತ್ತಿ ಮಾತ್ರ ಶ್ರಾವಣದಲ್ಲೇ ನಿಂತಿತ್ತು. ಮೊನ್ನೆ ಅದೇ ದಂಡಿನಶಿವರದ ರೈತ ಗೊಬ್ಬರಕ್ಕೆ ಬಂದ. ನನ್ನ ತಲೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಭಯಭಕ್ತಿಯಿಂದ ಕೇಳಿದ: "ಏನ್ ಸ್ವಾಮಿ, ಮತ್ತೆ ಕೊಟ್ರಾ? ತಿಂಗ್ಳು ತಿಂಗ್ಳೂ ಕೊಡ್ತೀರಾ?"

ನಾನು ಕಣ್ಣು ಮುಚ್ಚಿ, ಗಂಭೀರವಾಗಿ, "ಹೂಂ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬುತ್ತಿ ತಂದಿದ್ದ ಗಿರಿಜ ಹಿಂದಿನಿಂದ ಹೇಳಿದಳು:

"ಕೊಡೋಕೇನಣ್ಣ, ಅವ್ರು ದಿನಾ ರೆಡಿ. ರಂಗಪ್ಪನೇ ಸಾಕು ಅಂದವ್ನೆ."