ಬೇಲಿ ಮೇಲಿನ ತೆಂಗಿನಮರ

ಎಲ್ಪಿಡಿಯೊ ಕಿತ್ತದ್ದು ನಾಲ್ಕೇ ತೆಂಗಿನಕಾಯಿ. ಹೆಂಡತಿ ಲೂಸಿಂಗಳಿಗೆ ತೆಂಗಿನಹಾಲು ಹಾಕಿದ ಬಿಬಿಂಕಾ ಕೇಕು ಸುಡುವ ಹುಕಿ ಬಂದಿತ್ತು, ಮರ ಬೇಲಿಯ ಮೇಲೇ ಇತ್ತು, ಏಣಿ ಕೈಗೆ ಸಿಕ್ಕಿತು. ಅವನು ಇಳಿಯುವಷ್ಟರಲ್ಲಿ ಬೇಲಿಯಾಚೆಯ ವಿಧವೆ ಸೋಲೆದಾದ್ ಪೊಲೀಸರನ್ನು ಕರೆತಂದು ನಿಂತಿದ್ದಳು. ತೆಂಗಿನ ಸೀಮೆಯಲ್ಲಿ ಕಾಯಿ ಕದ್ದವನೆಂದರೆ ಕಾನೂನಿಗೆ ಕರುಣೆಯಿಲ್ಲ. ಊರಿನ ಅರ್ಧ ಗಂಡಸರ ಗಡ್ಡ ಹೆರೆಯುತ್ತಿದ್ದ ಕ್ಷೌರಿಕ ಎಲ್ಪಿಡಿಯೊ ತನ್ನ ಗಡ್ಡ ಹೆರೆದುಕೊಳ್ಳುವುದನ್ನೇ ಬಿಟ್ಟ.

ವಿಚಾರಣೆಯ ದಿನ ಪಕ್ಕದ ಮನೆಯ ಬಾಲ್ಡೊ ಓಡಿಸುವ ಜೀಪ್ನಿ ಎಂಬ ಬಾಡಿಗೆ ಬಂಡಿಗೆ ಇಡೀ ಕೇರಿಯೇ ಹತ್ತಿತು. ಬುದ್ಧಿ ಹೇಳದವರು ಯಾರೂ ಇರಲಿಲ್ಲ.

"ಜಡ್ಜ್ ಮುಂದೆ ಸ್ವಲ್ಪ ಕುಂಟು," ಅಂದ ಬಾಲ್ಡೊ. "ಕುಂಟೋನು ಮರ ಹತ್ತಿದ ಅಂದ್ರೆ ಯಾರು ನಂಬ್ತಾರೆ?"

"ಏಣಿ ಹಾಕಿದ್ದೆ ಅಂತ ಪೊಲೀಸರೇ ಬರ್ಕೊಂಡಿದಾರಲ್ಲೋ."

"ಹಾಗಾದ್ರೆ ಎರಡೂ ಕಾಲು ಕುಂಟು."

ಕೋರ್ಟಿನ ಅಂಗಳದಲ್ಲಿ ಇಳಿದವಳೇ ಲೂಸಿಂಗ್, "ನೀವು ನಡೀರಿ, ನಂಗೆ ಚೂರು ಕೆಲಸ ಇದೆ," ಎಂದು ಎತ್ತಲೋ ಹೋದಳು.

ಎಲ್ಪಿಡಿಯೊನ ವಕೀಲ ದಿಮಾಯುಗಾ ಪೊರಕೆಕಡ್ಡಿಯಷ್ಟು ಸಣಕಲು, ನಾಲಿಗೆ ಮಾತ್ರ ಮಚ್ಚಿನಂಥದ್ದು. "ಸ್ವಾಮಿ, ಆ ಮರ ಯಾರ ಜಾಗದಲ್ಲಿದೆ ಅಂತ ಇದೇ ಕಟ್ಟಡದ ಕೆಳಗಿನ ಕೋರ್ಟಲ್ಲಿ ಇವನ ಹೆಂಡತಿ ಹೂಡಿದ ದಾವೆ ವರ್ಷಗಟ್ಟಲೆಯಿಂದ ನಡೀತಾ ಇದೆ. ಮರ ಅವರದ್ದೇ ಅಂತ ಆದ್ರೆ ಕಳ್ಳತನ ಎಲ್ಲಿ ಬಂತು? ತನ್ನ ಮನೆ ಗಡಿಗೆಗೆ ತಾನೇ ಕೈ ಹಾಕಿದಂಗಾಯ್ತು. ಅದು ಇತ್ಯರ್ಥ ಆಗೋ ತನಕ ಇದನ್ನ ನಿಲ್ಲಿಸ್ಬೇಕು."

ಸರ್ಕಾರಿ ವಕೀಲೆ ಎಷ್ಟೋ ವಾದಿಸಿದಳು. ಜಡ್ಜ್ ಕನ್ನಡಕ ಒರೆಸಿಕೊಂಡು ಹೇಳಿದರು: "ಕೆಳಗಿನ ದಾವೆ ಮುಗಿಯಲಿ. ಅಲ್ಲೀ ತನಕ ಇದು ನಿಲ್ಲಲಿ."

ಎಲ್ಪಿಡಿಯೊ ಕುಂಟುವುದನ್ನು ಮರೆತು ಮೆಟ್ಟಿಲಿಳಿದು ಓಡಿದ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಪನ್ಸಿತ್ ಶ್ಯಾವಿಗೆ ಹೇಳಿದ. ದಿಮಾಯುಗಾ ಶ್ಯಾವಿಗೆ ಸುತ್ತುತ್ತಾ, "ಮರ ಸತ್ರೂ ಆ ದಾವೆ ಸಾಯಲ್ಲ ಕಣಯ್ಯ. ಮುದುಕನಾಗೋ ತನಕ ನಿಶ್ಚಿಂತೆಯಾಗಿರು," ಅಂದ. ಎಲ್ಪಿಡಿಯೊನಿಗೆ ಎಷ್ಟೋ ದಿನಗಳ ಮೇಲೆ ತಿಂದದ್ದರ ರುಚಿ ತಿಳಿಯಿತು.

ಅಷ್ಟರಲ್ಲಿ ಲೂಸಿಂಗ್ ಬಂದಳು. ಅವಳ ತೋಳಿಗೆ ತೋಳು ಹೆಣೆದುಕೊಂಡು ಸೋಲೆದಾದ್. ಇಬ್ಬರೂ ಅತ್ತು ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಹಬ್ಬದ ಕಳೆ.

"ಎಲ್ಲಾ ಬಗೆಹರೀತು ರೀ," ಅಂದಳು ಲೂಸಿಂಗ್. "ಅಕ್ಕನ ಕಾಲಿಗೆ ಬಿದ್ದೆ. ಮರ ಅವರದ್ದೇ ಅಂತ ಒಪ್ಕೊಂಡು ಕೆಳಗಿನ ದಾವೆ ಈಗಷ್ಟೇ ವಾಪಸ್ ತಗೊಂಡೆ. ಅಕ್ಕ ನಿಮ್ಮನ್ನ ಕ್ಷಮಿಸಿದಾರೆ."

"ಉಪಾಯ ನಂದು," ಅಂದ ಬಾಲ್ಡೊ, ಬಾಯಿತುಂಬ ಶ್ಯಾವಿಗೆ ಇಟ್ಟುಕೊಂಡು.

ದಿಮಾಯುಗಾನ ಮುಖ ಸುಣ್ಣ ಬಳಿದಂತಾಯಿತು. "ಕ್ಷಮಿಸೋಕೆ ಇವರು ಯಾರಮ್ಮ? ಕಳ್ಳತನದ ಕೇಸು ಸರ್ಕಾರದ್ದು. ಅದನ್ನ ತಡೆಹಿಡಿದಿದ್ದೇ ನಿನ್ನ ದಾವೆ."

ಹಿಂದಿನ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಸರ್ಕಾರಿ ವಕೀಲೆ ಲೋಟ ಕೆಳಗಿಟ್ಟಳು. "ಕೆಳಗಿನದು ಹೋಯ್ತು ಅಂದ್ಮೇಲೆ ಮೇಲಿನದು ಯಾಕೆ ನಿಲ್ಬೇಕು ವಕೀಲ್ರೇ? ಊಟ ಮುಗಿಸಿ ಬನ್ನಿ."

ಮಧ್ಯಾಹ್ನ ವಿಚಾರಣೆ ಮತ್ತೆ ಶುರುವಾಯಿತು. ಸೋಲೆದಾದ್ ಕಟಕಟೆ ಹತ್ತಿದಳು. ಎಲ್ಪಿಡಿಯೊನನ್ನು ಉಳಿಸಿಯೇ ಇಳಿಯುತ್ತೇನೆಂದು ಲೂಸಿಂಗಳಿಗೆ ಮಾತು ಕೊಟ್ಟಿದ್ದಳು.

"ಇವನು ತುಂಬ ಒಳ್ಳೇ ಮನುಷ್ಯ ಸ್ವಾಮಿ," ಅಂದಳು. "ನನ್ನ ಮರದಿಂದ ಕದ್ದ ಕಾಯಿಗಳನ್ನ ನಾನು ಮನಸಾರೆ ಕ್ಷಮಿಸಿದೀನಿ. ಈ ನಾಲ್ಕನ್ನೂ, ಅದಕ್ಕೆ ಮುಂಚಿನವನ್ನೂ."

ಜಡ್ಜ್ ತಲೆಯೆತ್ತಿದರು. "ಮುಂಚಿನವು?"

"ಅದೆಲ್ಲ ನಂಗೂ ಗೊತ್ತಿರ್ಲಿಲ್ಲ ಸ್ವಾಮಿ. ಬೆಳಿಗ್ಗೆ ಲೂಸಿಂಗ್ ಅಳ್ತಾ ಹೇಳಿದ್ಳು, ಪಾಪ."

ಸರ್ಕಾರಿ ವಕೀಲೆ ಪೆನ್ನಿನ ಮುಚ್ಚಳ ತೆಗೆದಳು. ಹಿಂದಿನ ಬೆಂಚಿನಿಂದ ಲೂಸಿಂಗ್, ಇನ್ನು ಭಯವಿಲ್ಲ ಎಂಬಂತೆ, ಗಂಡನ ಕಡೆ ಕರವಸ್ತ್ರ ಬೀಸಿದಳು.